ಕ್ವಾರಂಟೈನ್ ತೊಟ್ಟಿಗೆ ತೋಟದ ಮೈಲುತುತ್ತ ಆಗುತ್ತಾ? ಏಂಜೆಲ್, ರಾಸ್ ಮೀನುಗಳ ಔಷಧಿ ಪ್ರಮಾಣ ಬೇಕಿತ್ತು

ಅಡಿಕೆ_ರೀಫ್ (ತೀರ್ಥಹಳ್ಳಿ):
ಮುಂದಿನ ವಾರ ಬೆಂಗಳೂರಿಂದ ಒಂದು ಕೋರಲ್ ಬ್ಯೂಟಿ ಏಂಜೆಲ್, ಒಂದು ಹಳದಿ ರಾಸ್ (ಹಾಲಿಕೋರಿಸ್ ಜಾತಿ), ಒಂದು ಜೋಡಿ ಕ್ಲೌನ್ ಬರ್ತಿವೆ. ಕ್ವಾರಂಟೈನ್ ತೊಟ್ಟಿಯಲ್ಲಿ ಸರಿಯಾಗಿ 60 ಲೀಟರ್ ನೀರು. ಸ್ಪಾಂಜ್ ಫಿಲ್ಟರ್ ಒಂದು ತಿಂಗಳಿಂದ ಮುಖ್ಯ ಟ್ಯಾಂಕಿನ ಸಂಪಿನಲ್ಲೇ (ಫಿಲ್ಟರ್ ತೊಟ್ಟಿ) ಓಡ್ತಿದೆ. ಬಿಳಿಚುಕ್ಕೆ ರೋಗಕ್ಕೆ ಮುಂಜಾಗ್ರತೆಯಾಗಿ ತಾಮ್ರ ಕೊಡೋಣ ಅಂತ. ಅಡಿಕೆಯ ಕೊಳೆ ರೋಗಕ್ಕೆ ಹೊಡೆಯೋಕೆ ತಂದ ಮೈಲುತುತ್ತ ಮನೇಲಿ ಬೇಕಾದಷ್ಟಿದೆ, ಅದೂ ಕಾಪರ್ ಸಲ್ಫೇಟೇ ತಾನೆ? ಎಷ್ಟು ಹಾಕಬೇಕು? ಜೊತೆಗೇ ಪ್ರಾಜಿಕ್ವಾಂಟೆಲ್ (ಹುಳದ ಔಷಧಿ) ಹಾಕಿದ್ರೆ ತೊಂದರೆ ಇದೆಯಾ?

ಉಪ್ಪುನೀರು_ಸಾಗರ:
ವಸ್ತು ಅದೇ ಮಾರಾಯ್ರೆ, ಆದ್ರೆ ತೋಟದ ಚೀಲದ್ದು ಬೇಡ. ತೋಟಕ್ಕೆ ಹೊಡೆಯುವ ಶೇ. 1ರ ಬೋರ್ಡೋ ದ್ರಾವಣದಲ್ಲಿ ಲೀಟರಿಗೆ 10,000 ಮಿ.ಗ್ರಾಂ ಮೈಲುತುತ್ತ ಇರುತ್ತೆ. ಮೀನಿಗೆ ಬೇಕಾದ್ದು ಲೀಟರಿಗೆ 0.8 ಮಿ.ಗ್ರಾಂ ಒಳಗೆ. ಮರಕ್ಕೆ ಹೊಡೆಯುವಾಗ ಲೆಕ್ಕಕ್ಕೇ ಬಾರದ ಕಲಬೆರಕೆ, ಚೀಲ ಹೀರಿಕೊಂಡ ತೇವ ಎಲ್ಲವೂ ಇಲ್ಲಿ ಲೆಕ್ಕ ಕೆಡಿಸುತ್ತವೆ. ಲ್ಯಾಬ್ ಗ್ರೇಡ್ ಕಾಪರ್ ಸಲ್ಫೇಟ್ ಪೆಂಟಾಹೈಡ್ರೇಟ್ ತಗೊಳ್ಳಿ.

ಅದರ ತೂಕದಲ್ಲಿ ತಾಮ್ರ ಸುಮಾರು ಕಾಲು ಭಾಗ (ಶೇ. 25.5). 4 ಗ್ರಾಂ ಪುಡಿಯನ್ನು 1 ಲೀಟರ್ ಆರ್‌ಒ ನೀರಿಗೆ ಕರಗಿಸಿದ್ರೆ 1 ಮಿ.ಲೀ.ನಲ್ಲಿ 1 ಮಿ.ಗ್ರಾಂ ತಾಮ್ರ. ನಿಮ್ಮ 60 ಲೀಟರಿಗೆ 3 ಮಿ.ಲೀ. ಹಾಕಿದ್ರೆ 0.05 ಪಿಪಿಎಂ (ಲೀಟರಿಗೆ ಮಿ.ಗ್ರಾಂ) ಏರುತ್ತೆ, 12 ಮಿ.ಲೀ.ಗೆ 0.20. ಗುರಿ 0.15ರಿಂದ 0.20. ಕೆಳಗಿಳಿದ್ರೆ ರೋಗ ಸಾಯಲ್ಲ, ಮೇಲೆ ಹೋದ್ರೆ ಮೀನೇ ಹೋಗುತ್ತೆ. ಇನ್ನೊಂದು ಕಷ್ಟ ಏನಂದ್ರೆ, ಉಪ್ಪುನೀರಿನ ಪಿಎಚ್‌ನಲ್ಲಿ ಈ ತಾಮ್ರ ಕಾರ್ಬೊನೇಟ್ ಆಗಿ ತಳ ಸೇರ್ತಾ ಹೋಗುತ್ತೆ. ದಿನಕ್ಕೆ ಎರಡು ಸಲ ಅಳೆದು, ಇಳಿದಷ್ಟೇ ತುಂಬಬೇಕು. ತಾಮ್ರ ಅಳೆಯುವ ಹೈ ರೇಂಜ್ ಡಿಜಿಟಲ್ ಚೆಕರ್‌ನಲ್ಲೇ 0.05 ಆಚೀಚೆ ಆಗುತ್ತೆ, ಅಂದ್ರೆ ನಿಮ್ಮ ಇಡೀ ಗುರಿಯಷ್ಟೇ ಅಗಲದ ತಪ್ಪು! ಬಣ್ಣ ಹೋಲಿಸಿ ನೋಡುವ ಕಿಟ್ ಅಂತೂ ಸುಮ್ಮನೆ.

ಅದಕ್ಕೇ ಏಂಜೆಲ್, ರಾಸ್ ಇದ್ದಲ್ಲಿ ಕೀಲೇಟೆಡ್ ತಾಮ್ರವೇ (ತಳ ಸೇರದಂತೆ ಬೇರೆ ಅಣುವಿಗೆ ಕಟ್ಟಿದ್ದು) ವಾಸಿ. ಅದರ ಗುರಿ ಸಾಮಾನ್ಯವಾಗಿ 1.5ರಿಂದ 2 ಪಿಪಿಎಂ. ಬಾಟಲಿ ಮೇಲೆ ಬೇರೆ ಇದ್ರೆ ಅದನ್ನೇ ಹಿಡಿಯಿರಿ. ಅದು ನೀರಲ್ಲಿ ನಿಲ್ಲುತ್ತೆ, ಅದೇ ಚೆಕರ್‌ನಲ್ಲಿ ನಂಬಿ ಓದಬಹುದು. ಒಂದೇ ದಿನ ಪೂರ್ತಿ ಸುರಿಯಬೇಡಿ, 6-7 ದಿನದಲ್ಲಿ ಏರಿಸಿ. ಪೂರ್ತಿ ಮಟ್ಟಕ್ಕೆ ಬಂದ ದಿನದಿಂದ 14 ದಿನ ಎಣಿಸಿ, ಆಮೇಲೆ ಬೇರೆ ಶುದ್ಧ ತೊಟ್ಟಿಗೆ ಸಾಗಿಸಿ. ಅದೇ ತೊಟ್ಟಿಯಲ್ಲೇ ಇಡ್ತೀರಾದ್ರೆ 30 ದಿನ. ನಡುವೆ ಒಮ್ಮೆ ಗುರಿಗಿಂತ ಕೆಳಗಿಳಿದ್ರೂ ಎಣಿಕೆ ಮತ್ತೆ ಒಂದರಿಂದ. ಮೈಮೇಲೆ ಸಣ್ಣ ಹೊಂಬಣ್ಣದ ಧೂಳು, ಏದುಸಿರು, ಬೆಳಕಿಗೆ ಬೆನ್ನು ಹಾಕೋದು ಕಂಡ್ರೆ ಅದು ವೆಲ್ವೆಟ್ ಅನ್ನೋ ಇನ್ನೊಂದು ಪರಾವಲಂಬಿ ರೋಗ. ಆಗ ಮಾತ್ರ ನಿಧಾನ ಬಿಟ್ಟು ಒಂದೆರಡು ದಿನದಲ್ಲೇ ಏರಿಸಬೇಕು.

ಬದಲಾಯಿಸುವ ನೀರಿಗೂ ಮೊದಲೇ ತಾಮ್ರ ಬೆರೆಸಿಡಿ. ಆವಿಯಾಗೋದು ನೀರು ಮಾತ್ರ, ತಾಮ್ರ ಅಲ್ಲೇ ಉಳಿಯುತ್ತೆ; ಗಾಜಿಗೆ ಗೆರೆ ಎಳೆದು ಆ ಮಟ್ಟಕ್ಕೆ ಸಿಹಿನೀರು ತುಂಬಿ. ಕೋರಲ್ ಸ್ಯಾಂಡ್, ಲೈವ್ ರಾಕ್, ಕಾರ್ಬನ್ ಒಳಗೆ ಇರಲೇಬಾರದು, ತಾಮ್ರ ಹೀರ್ತವೆ. ರಾಸ್‌ಗೆ ರಾತ್ರಿ ಹೂತುಕೊಳ್ಳೋಕೆ ಮರಳು ಬೇಕೇ ಬೇಕು: ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಗೇಣಿನ ಅರ್ಧದಷ್ಟು ಸಿಲಿಕಾ ಮರಳು ಇಡಿ.

ಅಮೋನಿಯ ಕಟ್ಟಿಹಾಕುವ ಕಂಡೀಷನರ್ ಹಾಕಲೇಬೇಡಿ. ಅವು ತಾಮ್ರವನ್ನು ಹೆಚ್ಚು ವಿಷವಾದ ರೂಪಕ್ಕೆ ಇಳಿಸುತ್ತವೆ. ಪ್ರಮಾಣ ಸರಿ ಇದ್ದೂ ಮೀನು ಸತ್ತವು ಅನ್ನೋ ಕಡೆ ಮೊದಲು ಕೇಳಬೇಕಾದ ಪ್ರಶ್ನೆ ಇದು. ಅಮೋನಿಯ ಏರಿದ್ರೆ ನೀರು ಬದಲಾಯಿಸೋದೊಂದೇ ದಾರಿ.

ತುಂಗಾ_ಟ್ಯಾಂಕ್ (ಶಿವಮೊಗ್ಗ):
ಲೆಕ್ಕ ಸರಿ ಇದೆ, ಆದ್ರೆ ರೋಗವೇ ಕಾಣದೆ ಕೋರಲ್ ಬ್ಯೂಟಿಗೆ ತಾಮ್ರ ಯಾಕೆ ಸಾರ್? ಬಿಳಿಚುಕ್ಕೆಗೆ ಔಷಧಿಯೇ ಇಲ್ಲದೆ ತೊಟ್ಟಿ ಬದಲಾವಣೆ ವಿಧಾನ ಸಾಕು. ಪರಾವಲಂಬಿ ಮೀನಿನ ಮೇಲೆ 3ರಿಂದ 7 ದಿನ ಇದ್ದು ಉದುರುತ್ತೆ, ತಳದಲ್ಲಿ ಕೋಶ ಕಟ್ಟುತ್ತೆ, ಮರಿಗಳು ಹೊರಬರೋಕೆ ಕಡಿಮೆ ಅಂದ್ರೂ ಸುಮಾರು ಮೂರು ದಿನ ಬೇಕು. ಅಷ್ಟರೊಳಗೆ ಮೀನನ್ನು ಹೊಸ ನೀರಿಗೆ ಸಾಗಿಸಿದ್ರೆ ಕೋಶ ಹಿಂದೆಯೇ ಉಳೀತು. 1, 4, 7, 10ನೇ ದಿನ ವರ್ಗಾವಣೆ, 13ನೇ ದಿನ ಕೊನೆಯ ತೊಟ್ಟಿಗೆ. 72 ಗಂಟೆ ಮೀರಬಾರದು, ಬಲೆ ಜೊತೆ ಬರುವ ನೀರು ಆದಷ್ಟು ಕಡಿಮೆ ಇರಲಿ. 40 ಲೀಟರಿನ ಎರಡು ಟಬ್, ಏರ್ ಸ್ಟೋನ್, ಹೀಟರ್, ಪಿವಿಸಿ ಎಲ್ಬೋ ಎಲ್ಲವೂ ಎರಡೆರಡು ಸೆಟ್.

ಮಳೆಗಾಲದಲ್ಲಿ ಎಡವೋದು ಇಲ್ಲಿ. ‘ಒಣಗಿಸಿ ಬಳಸಿ’ ಅಂತಾರೆ, ಆಷಾಢದಲ್ಲಿ ನಮ್ಮಲ್ಲಿ ಬಟ್ಟೆಯೇ ಒಣಗಲ್ಲ. ಒಣಗೋದನ್ನ ನಂಬಬೇಡಿ. ಲೀಟರ್ ನೀರಿಗೆ 5 ಪರ್ಸೆಂಟಿನ ಬ್ಲೀಚ್ ದ್ರಾವಣ 10 ಮಿ.ಲೀ. ಹಾಕಿ ಅರ್ಧ ಗಂಟೆ ನೆನೆಸಿ, ವಾಸನೆ ಪೂರಾ ಹೋಗುವವರೆಗೆ ತೊಳೀರಿ. ಈ ವಿಧಾನ ವೆಲ್ವೆಟ್‌ಗೆ ನಡೆಯಲ್ಲ, ಅದು ಕಂಡ ಕೂಡಲೇ ಮೇಲಿನವರು ಹೇಳಿದ ತಾಮ್ರಕ್ಕೆ ಹೋಗಿ.

ಪ್ರಾಜಿಕ್ವಾಂಟೆಲ್ ತಾಮ್ರದ ಜೊತೆಗೇ ಶುರು ಮಾಡಬೇಡಿ, ಮೀನು ಉಣ್ಣೋದು ಬಿಟ್ರೆ ಯಾವುದರಿಂದ ಅಂತ ಗೊತ್ತೇ ಆಗಲ್ಲ. ಹಾಲಿಕೋರಿಸ್‌ಗಳಿಗೆ ಅದು ಸರಿಹೋಗದ್ದೂ ಉಂಟು. ಮೊದಲು ಮೀನಿಗೆ ಸಿಹಿನೀರಿನ ಸ್ನಾನ ಮಾಡಿಸಿ ನೋಡಿ: ಅದೇ ಉಷ್ಣತೆ, ಅದೇ ಪಿಎಚ್, ಒಂದು ಗಂಟೆ ಮೊದಲೇ ಗಾಳಿ, 3ರಿಂದ 5 ನಿಮಿಷ. ನಮ್ಮ ಬಾವಿ ನೀರು ಮೆದು, ಪಿಎಚ್ ಕಡಿಮೆ. ಅಡುಗೆ ಸೋಡಾ ಚಿಟಿಕೆ ಚಿಟಿಕೆ ಹಾಕಿ 8ರ ಮೇಲೆ ತನ್ನಿ. ನಲ್ಲಿ ನೀರಾದ್ರೆ ಮೊದಲು ಕ್ಲೋರಿನ್ ಹೋಗಿರಬೇಕು. ಜಿಗಣೆಯಂಥ ಫ್ಲೂಕ್ ಇದ್ರೆ ಎಳ್ಳಿನಂತೆ ಬೆಳ್ಳಗೆ ಉದುರ್ತವೆ. ಉದುರಿದ್ರೆ ಮಾತ್ರ ಔಷಧಿ. 60 ಲೀಟರಿಗೆ 150 ಮಿ.ಗ್ರಾಂ, 6-7 ದಿನ ಬಿಟ್ಟು ಇನ್ನೊಮ್ಮೆ, ಯಾಕಂದ್ರೆ ಮೊಟ್ಟೆಗೆ ಇದು ತಾಗಲ್ಲ. ನೀರಲ್ಲಿ ಸುಲಭಕ್ಕೆ ಕರಗದು, ಸ್ವಲ್ಪ ಸ್ಪಿರಿಟ್‌ನಲ್ಲಿ ಕಲಸಿ. ನಾಯಿಯ ಜಂತುಹುಳದ ಮಾತ್ರೆಯಲ್ಲಿ ಪೈರಾಂಟೆಲ್, ಫೆಬಾಂಟೆಲ್ ಸೇರಿರುತ್ತೆ, ಅದು ಬೇಡ. ಪಶುವೈದ್ಯರಿಂದ ಬರೆಸಿ ಬರೀ ಪ್ರಾಜಿಕ್ವಾಂಟೆಲ್ ಇರೋದನ್ನೇ ತಗೊಳ್ಳಿ.

ಘಟ್ಟದ_ಹವಳ (ಆಗುಂಬೆ):
ಎರಡು ಮಾತು ಸೇರಿಸ್ತೀನಿ. ಮಳೆಗಾಲದಲ್ಲಿ ಹೀಟರ್ ಇಲ್ಲದ ತೊಟ್ಟಿ 21-22 ಡಿಗ್ರಿಗೆ ಇಳಿಯುತ್ತೆ, ಪರಾವಲಂಬಿಯ ಚಕ್ರ ನಿಧಾನವಾಗುತ್ತೆ, ಮೇಲಿನ ದಿನದ ಲೆಕ್ಕ ಯಾವುದೂ ನಿಲ್ಲಲ್ಲ. 26ಕ್ಕೆ ಹಿಡಿದಿಡಿ. ಪ್ರಾಜಿಕ್ವಾಂಟೆಲ್, ಫಾರ್ಮಲಿನ್ ಎರಡೂ ನೀರಿನ ಆಮ್ಲಜನಕ ಇಳಿಸ್ತವೆ, ಕರೆಂಟ್ ಹೋಗುವ ರಾತ್ರಿ ಬ್ಯಾಟರಿ ಏರ್ ಪಂಪ್ ಇಲ್ಲದೆ ಹಾಕಬೇಡಿ. ಉಪ್ಪು ಕಲಸೋಕೆ ಬೆಚ್ಚನೆ ನೀರು ಬೇಕು ಅಂತ ಬಚ್ಚಲ ತಾಮ್ರದ ಹಂಡೆಯಿಂದ ತರೋರೂ ಇದ್ದಾರೆ, ಆ ತಾಮ್ರ ಯಾರ ಲೆಕ್ಕದಲ್ಲೂ ಇರಲ್ಲ.

ಕ್ಲೌನ್ ಜೋಡಿಯನ್ನು ಬೇರೆಯೇ ಇಡಿ. ಅವುಗಳ ಮೈಯಿಂದ ಲೋಳೆ ಹಾಳೆಹಾಳೆಯಾಗಿ ಬಿಡ್ತಿದ್ರೆ ಬ್ರೂಕ್ಲಿನೆಲ್ಲ ಅನ್ನೋ ಪರಾವಲಂಬಿ, ಅದಕ್ಕೆ ತಾಮ್ರ ನಾಟಲ್ಲ. 37 ಪರ್ಸೆಂಟಿನ ಫಾರ್ಮಲಿನ್ 10 ಲೀಟರಿಗೆ 1.5 ಮಿ.ಲೀ., 45 ನಿಮಿಷ, ಬೇರೆ ಬಕೆಟ್‌ನಲ್ಲಿ, ಜೋರು ಗಾಳಿ ಕೊಟ್ಟು. ಬಾಟಲಿ ತಳದಲ್ಲಿ ಬಿಳಿ ಗಸಿ ಕೂತಿದ್ರೆ ಎಸೀರಿ, ಅದು ಮೀನಿಗೆ ಇನ್ನೂ ವಿಷ. ಗ್ಲೌಸ್ ಹಾಕಿ, ಕಿಟಕಿ ತೆಗೆದಿಟ್ಟು ಮಾಡಿ.

ಅಡಿಕೆ_ರೀಫ್ (ತೀರ್ಥಹಳ್ಳಿ):
ಸರಿ, ತೊಟ್ಟಿ ಬದಲಾವಣೆಯಿಂದಲೇ ಶುರು ಮಾಡ್ತೀನಿ. ಮಧ್ಯೆ ತಾಮ್ರಕ್ಕೆ ಹೋಗಬೇಕಾಗಿ ಬಂದು, ಏಂಜೆಲ್ ಉಣ್ಣೋದು ಬಿಟ್ರೆ ಏನು ಮಾಡೋದು?

ಉಪ್ಪುನೀರು_ಸಾಗರ:
ಏರಿಸೋದನ್ನ ಅಲ್ಲಿಗೇ ನಿಲ್ಲಿಸಿ, ಅದೇ ಮಟ್ಟದಲ್ಲಿ ಎರಡು ದಿನ ಬಿಡಿ. ಅಷ್ಟರಲ್ಲಿ ಅಮೋನಿಯ ನೋಡಿ, ಅರ್ಧ ಸಲ ಕಾರಣ ಅದೇ ಇರುತ್ತೆ. ತಿನ್ನೋಕೆ ಶುರು ಮಾಡಿದ್ರೆ ಮತ್ತೆ ಏರಿಸಿ. ಪಕ್ಕಕ್ಕೆ ವಾಲಿ ಮಲಗಿದ್ರೆ, ತೀರಾ ಏದುಸಿರು ಬಿಟ್ರೆ ತಾಮ್ರವಿಲ್ಲದ ಉಪ್ಪುನೀರಿಂದ ಅರ್ಧ ಬದಲಾಯಿಸಿ, ಕಾರ್ಬನ್ ಹಾಕಿ. ಸಿಲಿಕಾ ಡಬ್ಬಿ, ಸ್ಪಾಂಜ್ ಎರಡನ್ನೂ ಆಮೇಲೆ ಹವಳದ ಟ್ಯಾಂಕಿಗೆ ವಾಪಸ್ ಇಡಬೇಡಿ.