ಎಲೆಕ್ಟ್ರಿಕ್ ಡರ್ಟ್ ಬೈಕ್ ನಿರ್ಮಾಣ: 40 ಕಿಲೋವ್ಯಾಟ್ ಮೋಟಾರು ನಿಜಕ್ಕೂ ಬೇಕೇ?

ಪ್ರಶ್ನೆ: ಕೆಸರುಗಾಲಿ

ಹಳೆಯ 250 ಸಿಸಿ ಮೋಟೋಕ್ರಾಸ್ ಬೈಕೊಂದರ ಎಂಜಿನ್ನನ್ನೂ ಇಂಧನ ಟ್ಯಾಂಕನ್ನೂ ತೆಗೆದು, ಚಾಸಿ, ಸಸ್ಪೆನ್ಷನ್, ಚಕ್ರಗಳನ್ನು ಇದ್ದಂತೆಯೇ ಉಳಿಸಿಕೊಂಡು, ಅದನ್ನು ಎಲೆಕ್ಟ್ರಿಕ್ ಬೈಕಾಗಿ ಮಾರ್ಪಡಿಸುವ ಯೋಜನೆ ಹಾಕಿಕೊಂಡಿದ್ದೇನೆ. ಸ್ಪೇನ್‌ನ ಸ್ಟಾರ್ಕ್ ವಾರ್ಗ್ ಎಂಬ ಎಲೆಕ್ಟ್ರಿಕ್ ಮೋಟೋಕ್ರಾಸ್ ಬೈಕು 80 ಅಶ್ವಶಕ್ತಿಯವರೆಗೆ ಕೊಡುತ್ತದೆ ಎಂದ ಮೇಲೆ, ನನ್ನ ಬೈಕಿಗೆ 40 ಕಿಲೋವ್ಯಾಟ್ ಆದರೂ ಇರಬೇಕು ಎಂಬುದು ನನ್ನ ಲೆಕ್ಕ. ಮೋಟಾರಿನ ಶಾಫ್ಟಿಗೇ ಸ್ಪ್ರಾಕೆಟ್ (ಚೈನಿನ ಹಲ್ಲುಚಕ್ರ) ಕೂರಿಸಿ ಚೈನಿನಿಂದ ಹಿಂಚಕ್ರವನ್ನು ನೇರವಾಗಿ ತಿರುಗಿಸುವುದು, 20 ಸೆಲ್‌ಗಳನ್ನು ಸರಣಿಯಲ್ಲಿ ಜೋಡಿಸಿದ 72 ವೋಲ್ಟ್ ಪ್ಯಾಕ್ ಬಳಸುವುದು ಎಂದುಕೊಂಡಿದ್ದೆ. ಆದರೆ ವೋಲ್ಟೇಜ್ ಹೆಚ್ಚಿದ್ದಷ್ಟೂ ಬ್ಯಾಟರಿ ಕಡಿಮೆ ಬಿಸಿಯಾಗುತ್ತದೆ, ಆದ್ದರಿಂದ 350 ವೋಲ್ಟಿಗೆ ಹೋಗುವುದೇ ಸರಿ ಎಂದು ಹಲವರು ಹೇಳುತ್ತಾರೆ. ಅರ್ಧ ಗಂಟೆ ಬಿರುಸಾಗಿ ಓಡಿಸಲು ಆಗಬೇಕು, ಒಟ್ಟು ತೂಕ 120 ಕಿಲೋ ಮೀರಬಾರದು. ಮೋಟಾರು, ವೋಲ್ಟೇಜ್, ಬ್ಯಾಟರಿ, ಇವುಗಳಲ್ಲಿ ಯಾವುದನ್ನು ಮೊದಲು ನಿರ್ಧರಿಸಬೇಕು?

ಉತ್ತರ: ಬಲರೇಖೆ

ಮೂರನ್ನೂ ಪಕ್ಕಕ್ಕಿಟ್ಟು, ಹಿಂಚಕ್ರವು ನೆಲವನ್ನು ಎಷ್ಟು ಬಲದಿಂದ ತಳ್ಳಬೇಕು ಎಂಬುದನ್ನು ಮೊದಲು ಲೆಕ್ಕ ಹಾಕಿ. ಬೈಕು ಮತ್ತು ಸವಾರ ಸೇರಿ 200 ಕಿಲೋ, ಇಬ್ಬರ ಒಟ್ಟು ಗುರುತ್ವಕೇಂದ್ರ ನೆಲದಿಂದ ಸುಮಾರು 0.95 ಮೀಟರ್ ಎತ್ತರದಲ್ಲಿ, ಹಿಂಚಕ್ರ ನೆಲ ಮುಟ್ಟುವ ಬಿಂದುವಿನಿಂದ 0.7 ಮೀಟರ್ ಮುಂದೆ ಇದೆ ಎಂದಿಟ್ಟುಕೊಳ್ಳೋಣ. ಆಗ ಸುಮಾರು 1,400 ನ್ಯೂಟನ್ ಬಲ ದಾಟುತ್ತಿದ್ದಂತೆ ಮುಂಚಕ್ರ ಮೇಲೇಳುತ್ತದೆ. ಸಡಿಲ ಮಣ್ಣಿನಲ್ಲಿ ಅದಕ್ಕೂ ಮೊದಲೇ ಹಿಂಚಕ್ರ ಜಾರುತ್ತದೆ. ಸವಾರ ಮುಂದೆ ಬಾಗಿದರೆ ಈ ಮಿತಿ ಸ್ವಲ್ಪ ಹೆಚ್ಚುತ್ತದೆ, ಅಷ್ಟೇ. ಈ ಬಲವನ್ನು ಗಂಟೆಗೆ 72 ಕಿಲೋಮೀಟರ್ ವೇಗದವರೆಗೂ ಕೊಡಬೇಕೆಂದರೆ ಚಕ್ರದಲ್ಲಿ 28 ಕಿಲೋವ್ಯಾಟ್ ಸಾಕು. ಅದಕ್ಕಿಂತ ಹೆಚ್ಚಿನ ಶಕ್ತಿ ಉದ್ದನೆಯ ನೇರ ಹಾದಿಯಲ್ಲೋ ಆಳದ ಮರಳಿನಲ್ಲೋ ಮಾತ್ರ ಉಪಯೋಗಕ್ಕೆ ಬರುತ್ತದೆ. ಆದ್ದರಿಂದ ಎರಡೇ ಸೆಕೆಂಡು ಸಿಗುವ 40 ಕಿಲೋವ್ಯಾಟಿಗಿಂತ, ಬಿಸಿಯಾದ ಮೇಲೂ ಕುಗ್ಗದ 30 ಕಿಲೋವ್ಯಾಟ್ ನಿಮಗೆ ಹೆಚ್ಚು ಲಾಭದಾಯಕ.

ಇನ್ನು ನೇರ ಚೈನಿನ ವಿಚಾರ. 1,400 ನ್ಯೂಟನ್ ಬಲಕ್ಕೆ ಹಿಂಚಕ್ರದಲ್ಲಿ ಸುಮಾರು 460 ನ್ಯೂಟನ್-ಮೀಟರ್ ಟಾರ್ಕ್ (ತಿರುಗಿಸುವ ಬಲ) ಬೇಕು. ಮುಂದೆ 13, ಹಿಂದೆ 49 ಹಲ್ಲುಗಳ ಸ್ಪ್ರಾಕೆಟ್ ಹಾಕಿದರೆ ಅನುಪಾತ 3.8ನ್ನೂ ಮುಟ್ಟುವುದಿಲ್ಲ. ಹಾಗಾಗಿ ಮೋಟಾರೇ 120 ನ್ಯೂಟನ್-ಮೀಟರ್‌ಗಿಂತ ಹೆಚ್ಚು ಟಾರ್ಕ್ ಕೊಡಬೇಕಾಗುತ್ತದೆ, ಮತ್ತು ಗಂಟೆಗೆ 110 ಕಿಲೋಮೀಟರ್ ವೇಗದಲ್ಲೂ ಅದು ತಿರುಗುವುದು ನಿಮಿಷಕ್ಕೆ ಸುಮಾರು 3,300 ಸುತ್ತು ಮಾತ್ರ. ಮೋಟಾರಿನ ಗಾತ್ರ ಮತ್ತು ತೂಕವನ್ನು ನಿರ್ಧರಿಸುವುದು ಅದರ ಕಿಲೋವ್ಯಾಟ್ ಅಲ್ಲ, ಟಾರ್ಕ್. 10,000 ಸುತ್ತಿನ ಮೋಟಾರು ಆರಿಸಿಕೊಂಡು, ಚೈನಿಗೆ ಮುನ್ನ ಮೂರಕ್ಕೊಂದರ ಒಂದು ಜೊತೆ ಗಿಯರ್ ಕೊಟ್ಟರೆ, ಅದೇ ಕೆಲಸಕ್ಕೆ 41 ನ್ಯೂಟನ್-ಮೀಟರ್ ಆಸುಪಾಸಿನ ಟಾರ್ಕ್ ಸಾಕಾಗುತ್ತದೆ. ಗಿಯರ್ ಪೆಟ್ಟಿಗೆ ಮಾಡಿಸುವುದು ತಲೆನೋವಿನ ಕೆಲಸ ಎಂಬುದನ್ನು ಒಪ್ಪುತ್ತೇನೆ. ಆದರೂ ನಿಮ್ಮ ತೂಕದ ಮಿತಿಯೊಳಗೆ ನಿಲ್ಲಲು ನನಗೆ ಬೇರೆ ದಾರಿ ಕಾಣುವುದಿಲ್ಲ.

ಉತ್ತರ: ಓಮ್‌ನಿಯಮ

ಮೇಲಿನ ಲೆಕ್ಕಕ್ಕೆ ನನ್ನ ಸಹಮತವಿದೆ. ಆದರೆ ವೋಲ್ಟೇಜ್ ಹೆಚ್ಚಿಸಿದರೆ ಬ್ಯಾಟರಿ ತಣ್ಣಗಿರುತ್ತದೆ ಎಂಬ ನಂಬಿಕೆಯನ್ನು ಇಲ್ಲಿಗೇ ಬಿಡುವುದು ಒಳ್ಳೆಯದು.

4.2 ಆಂಪಿಯರ್-ಅವರ್‌ನ 21700 ಮಾದರಿಯ ಒಂದು ಸೆಲ್ ಸುಮಾರು 15 ವ್ಯಾಟ್-ಅವರ್ ಶಕ್ತಿ ಹಿಡಿಯುತ್ತದೆ ಮತ್ತು 70 ಗ್ರಾಂ ತೂಗುತ್ತದೆ. ಅಂಥ 400 ಸೆಲ್‌ಗಳಿದ್ದರೆ 6 ಕಿಲೋವ್ಯಾಟ್-ಅವರ್, ಬರಿಯ ಸೆಲ್‌ಗಳ ತೂಕವೇ 28 ಕಿಲೋ. ಅರ್ಧ ಗಂಟೆಗೆ ಸರಾಸರಿ 12 ಕಿಲೋವ್ಯಾಟ್ ಎಂದಾಯಿತು. ಪ್ಯಾಕನ್ನು ಪೂರ್ತಿ ಬರಿದು ಮಾಡಬಾರದಾದ್ದರಿಂದ 10 ಅಥವಾ 11 ಎಂದು ಹಿಡಿಯಿರಿ. ಈ 400 ಸೆಲ್‌ಗಳನ್ನು 20 ಸರಣಿ, 20 ಸಮಾಂತರವಾಗಿ ಜೋಡಿಸಿ 30 ಕಿಲೋವ್ಯಾಟ್ ಎಳೆದರೆ ಒಟ್ಟು ಪ್ರವಾಹ 417 ಆಂಪಿಯರ್, ಪ್ರತಿ ಸೆಲ್ಲಿಗೆ 21. ಅದನ್ನೇ 100 ಸರಣಿ, 4 ಸಮಾಂತರವಾಗಿ ಜೋಡಿಸಿದರೆ ಒಟ್ಟು 83 ಆಂಪಿಯರ್, ಪ್ರತಿ ಸೆಲ್ಲಿಗೆ ಮತ್ತೆ ಅದೇ 21. ತನ್ನ ಪಕ್ಕದ ಸೆಲ್ ಹೇಗೆ ಜೋಡಣೆಯಾಗಿದೆ ಎಂಬುದು ಸೆಲ್ಲಿಗೆ ತಿಳಿಯುವುದೇ ಇಲ್ಲ. ಒಳರೋಧ 16 ಮಿಲಿಓಮ್ ಎಂದುಕೊಂಡರೆ ಆ ಗಳಿಗೆಯಲ್ಲಿ ಪ್ಯಾಕಿನಲ್ಲಿ ಹುಟ್ಟುವ ಶಾಖ ಎರಡೂ ಜೋಡಣೆಯಲ್ಲಿ 2.8 ಕಿಲೋವ್ಯಾಟ್ ಆಸುಪಾಸು.

ಹೆಚ್ಚಿನ ವೋಲ್ಟೇಜಿನ ಲಾಭವಿರುವುದು ತಂತಿ, ಕನೆಕ್ಟರ್, ಕಾಂಟ್ಯಾಕ್ಟರ್‌ಗಳಲ್ಲಿ (ಪ್ಯಾಕಿನ ಮುಖ್ಯ ವಿದ್ಯುತ್ ಸ್ವಿಚ್ಚುಗಳಲ್ಲಿ). ಪ್ರವಾಹ ಐದನೇ ಒಂದಕ್ಕೆ ಇಳಿದರೆ ಅದೇ ತಂತಿಯ ಶಾಖ ಇಪ್ಪತ್ತೈದನೇ ಒಂದಕ್ಕೆ ಇಳಿಯುತ್ತದೆ. 2018ರಲ್ಲಿ ಮುಚ್ಚಿಹೋದ ಅಮೆರಿಕದ ಆಲ್ಟಾ ಮೋಟರ್ಸ್ ತನ್ನ ರೆಡ್‌ಶಿಫ್ಟ್ ಬೈಕಿಗೆ 350 ವೋಲ್ಟಿನ ಪ್ಯಾಕ್ ಕೊಟ್ಟಿತ್ತು. ಆದರೆ ಕಾರ್ಖಾನೆಗೆ ಸಲ್ಲುವುದು ಮನೆಯ ಶೆಡ್ಡಿಗೂ ಸಲ್ಲಬೇಕೆಂದಿಲ್ಲ. 100 ಸೆಲ್‌ಗಳ ಸರಣಿ ಪೂರ್ತಿ ಚಾರ್ಜಾದಾಗ 420 ವೋಲ್ಟ್ ಇರುತ್ತದೆ, ಮೈಗೆ ತಾಗಿದರೆ ಜೀವ ತೆಗೆಯುತ್ತದೆ. ನೇರ ಪ್ರವಾಹವು ಪರ್ಯಾಯ ಪ್ರವಾಹದಂತೆ ಸೊನ್ನೆಗೆ ಬಂದು ಹೋಗದ ಕಾರಣ, ಒಮ್ಮೆ ಹೊತ್ತಿದ ಕಿಡಿ ತಾನಾಗಿ ಆರುವುದಿಲ್ಲ. ವಾಹನ ಸುರಕ್ಷತಾ ನಿಯಮಗಳು 60 ವೋಲ್ಟ್ ದಾಟಿದ ನೇರ ಪ್ರವಾಹವನ್ನೇ ಹೆಚ್ಚಿನ ವೋಲ್ಟೇಜ್ ಎಂದು ಪರಿಗಣಿಸುತ್ತವೆ. ಆ ಲೆಕ್ಕದಲ್ಲಿ ಪೂರ್ತಿ ಚಾರ್ಜಾದಾಗ 84 ವೋಲ್ಟ್ ಮುಟ್ಟುವ ನಿಮ್ಮ ಪ್ಯಾಕನ್ನೂ ಸಸಾರವಾಗಿ ಕಾಣುವಂತಿಲ್ಲ. ನನ್ನ ಸಲಹೆ 28 ಸರಣಿ, 14 ಸಮಾಂತರ. ಪ್ರವಾಹ 300 ಆಂಪಿಯರ್‌ಗೆ ಇಳಿಯುತ್ತದೆ. ಪೂರ್ತಿ ಚಾರ್ಜಿನಲ್ಲಿ 118 ವೋಲ್ಟ್ ಆಗುವುದರಿಂದ ಮೋಟಾರಿಗೆ ವಿದ್ಯುತ್ ಹರಿಸುವ ಕಂಟ್ರೋಲರಿನ ಟ್ರಾನ್ಸಿಸ್ಟರುಗಳು 150 ವೋಲ್ಟ್ ಅಥವಾ ಅದಕ್ಕಿಂತ ಹೆಚ್ಚು ತಡೆಯುವಂಥವೇ ಆಗಿರಲಿ. ಫ್ಯೂಸ್, ಕಾಂಟ್ಯಾಕ್ಟರ್, ಸ್ವಿಚ್ ಹಾಕಿದ ಕೂಡಲೇ ನುಗ್ಗುವ ಪ್ರವಾಹವನ್ನು ತಡೆಯುವ ಪ್ರೀಚಾರ್ಜ್ ರೆಸಿಸ್ಟರ್, ಈ ಮೂರನ್ನು ನಂತರ ನೋಡೋಣ ಎಂದು ಮುಂದೂಡಬೇಡಿ.

ಕೆಸರುಗಾಲಿ

ಇಬ್ಬರಿಗೂ ಧನ್ಯವಾದಗಳು. 30 ಕಿಲೋವ್ಯಾಟ್, ಗಿಯರ್ ಇರುವ ಮೋಟಾರು, 28 ಸರಣಿ ಎಂದು ನಿರ್ಧರಿಸುತ್ತೇನೆ. ಒಂದು ಜೊತೆ ಗಿಯರ್ ಬಂದರೆ ಮೋಟಾರು ಚಕ್ರಕ್ಕೆ ವಿರುದ್ಧ ದಿಕ್ಕಿನಲ್ಲಿ ತಿರುಗುತ್ತದೆ. ಜಿಗಿತದಲ್ಲಿ ಗಾಳಿಯಲ್ಲಿರುವಾಗ ಇದರಿಂದ ಬೈಕಿನ ಸಮತೋಲ ಕೆಡುವುದಿಲ್ಲವೇ?

ಉತ್ತರ: ಚಾಸಿಪ್ರಿಯ

ಕೆಡುವುದಿಲ್ಲ. 3 ಕಿಲೋ ತೂಕದ, 11 ಸೆಂಟಿಮೀಟರ್ ವ್ಯಾಸದ ರೋಟರ್ (ಮೋಟಾರಿನೊಳಗೆ ತಿರುಗುವ ಭಾಗ) ಹಿಂಚಕ್ರದ 11 ಪಟ್ಟು ವೇಗದಲ್ಲಿ ತಿರುಗಿದರೂ, ಅದರ ಕೋನೀಯ ಸಂವೇಗ ಚಕ್ರದ್ದರ ಹತ್ತನೇ ಒಂದು ಭಾಗದಷ್ಟು ಮಾತ್ರ. ಗಾಳಿಯಲ್ಲಿ ಥ್ರಾಟಲ್ ತಿರುಗಿಸಿದಾಗ ಮುಂಭಾಗ ಏಳುವುದು ಕೊಂಚ ಕಡಿಮೆಯಾದೀತು. ಯೋಚಿಸಬೇಕಾದದ್ದು ಬೇರೆಯೇ ಇದೆ. ವೇಗ ಹೆಚ್ಚಿಸುವಾಗ ರೋಟರಿನ ಜಡತ್ವವು ಅನುಪಾತದ ವರ್ಗದಷ್ಟು ಹಿಗ್ಗುತ್ತದೆ, ಅಂದರೆ ಅದೇ ರೋಟರ್ ಬೈಕಿಗೆ 5 ಕಿಲೋ ಹೆಚ್ಚುವರಿ ತೂಕ ಕಟ್ಟಿದಂತೆ ವರ್ತಿಸುತ್ತದೆ. ಗಾಳಿಯಲ್ಲಿ ವೇಗವಾಗಿ ಸುತ್ತುತ್ತಿದ್ದ ಚಕ್ರ ನೆಲಕ್ಕೆ ಅಪ್ಪಳಿಸಿದಾಗ ಆ ಜಡತ್ವದ ಹೊಡೆತವೆಲ್ಲ ಗಿಯರಿನ ಹಲ್ಲುಗಳ ಮೇಲೆ ಬೀಳುತ್ತದೆ, ಪೆಟ್ಟನ್ನು ಜಾರಿಸಿಬಿಡಲು ಕ್ಲಚ್ಚೂ ಇರುವುದಿಲ್ಲ. ಆದ್ದರಿಂದ ಗಿಯರುಗಳನ್ನು ಮೋಟಾರಿನ 41 ನ್ಯೂಟನ್-ಮೀಟರ್‌ಗಲ್ಲ, ಅದರ ಹಲವು ಪಟ್ಟಿಗೆ ವಿನ್ಯಾಸ ಮಾಡಿ, ಇಲ್ಲವೇ ಮಿತಿ ಮೀರಿದಾಗ ಜಾರುವ ಸಣ್ಣ ಕ್ಲಚ್ಚೊಂದನ್ನು ನಡುವೆ ಇಡಿ.

ಮುಂದಿನ ಸ್ಪ್ರಾಕೆಟ್ ಹಳೆಯ ಎಂಜಿನ್ನಿನಲ್ಲಿ ಎಲ್ಲಿತ್ತೋ ಅಲ್ಲಿಯೇ ಬರಬೇಕು. ಹಿಂಚಕ್ರವನ್ನು ಹಿಡಿದಿರುವ ತೋಳು, ಅಂದರೆ ಸ್ವಿಂಗ್‌ಆರ್ಮ್, ಚಾಸಿಗೆ ಕೀಲಾಗುವ ಪಿವಟ್ಟಿಗೂ ಆ ಸ್ಪ್ರಾಕೆಟ್ಟಿಗೂ ಇರುವ ಅಂತರ ಬದಲಾದರೆ ಚೈನಿನ ಎಳೆತ ಸಸ್ಪೆನ್ಷನ್ ಮೇಲೆ ಬೇರೆ ರೀತಿ ವರ್ತಿಸಿ, ತಿರುವಿನಿಂದ ಹೊರಬರುವಾಗ ಹಿಂಭಾಗ ಕುಸಿಯಲೂಬಹುದು, ಸೆಟೆದು ನಿಲ್ಲಲೂಬಹುದು. ಎಂಜಿನ್ ತೆಗೆಯುವ ಮುನ್ನವೇ ಈ ಅಳತೆಗಳನ್ನು ಬರೆದಿಟ್ಟುಕೊಳ್ಳಿ.

ಬ್ಯಾಟರಿ ಪೆಟ್ಟಿಗೆಗೆ ಗಾಳಿಯಾಡುವ, ಆದರೆ ನೀರು ಬಿಡದ ಪೊರೆಯ ವೆಂಟ್ ಹಾಕಿಸಿ. ಬಿಸಿಯಾದ ಪ್ಯಾಕ್ ತಣ್ಣೀರಿಗೆ ಇಳಿದಾಗ ಒಳಗಿನ ಒತ್ತಡ ಕುಸಿದು, ಪೂರ್ತಿ ಮುಚ್ಚಿದ ಪೆಟ್ಟಿಗೆ ತನ್ನ ಸೀಲುಗಳ ಸಂದಿನಿಂದಲೇ ನೀರನ್ನು ಒಳಗೆಳೆದುಕೊಳ್ಳುತ್ತದೆ.