ಪದಚರ್ಚೆ: ‘ನಾಸ್ಟಾಲ್ಜಿಯ ಡ್ರ್ಯಾಗ್ ರೇಸ್’ಗೆ ಕನ್ನಡದಲ್ಲಿ ಏನನ್ನೋಣ?

ಬಲ್ಲವರಿಗೆಲ್ಲ ನಮಸ್ಕಾರ.

ನಮ್ಮ ಕನ್ನಡ ಕೂಟದವರು ಸ್ಮರಣ ಸಂಚಿಕೆಗೆ ಒಂದು ಬರಹ ಕೇಳಿದ್ದಾರೆ. ನಾನಿರುವುದು ಮಿಶಿಗನ್‌ನಲ್ಲಿ. ಮಕ್ಕಳು ಚಿಕ್ಕವರಿದ್ದಾಗ ಕೈಬಿಟ್ಟಿದ್ದ ಹಳೇ ಮಸಲ್ ಕಾರುಗಳ (ಸಾಧಾರಣ ಮೈಯೊಳಗೆ ದೊಡ್ಡ ಎಂಜಿನ್ ಇರುವ ಕಾರುಗಳ) ಡ್ರ್ಯಾಗ್ ರೇಸಿಗೆ, ಅಂದರೆ ನೇರ ದಾರಿಯಲ್ಲಿ ಇಬ್ಬರು ಪಕ್ಕಪಕ್ಕ ಓಡಿಸುವ ಪೈಪೋಟಿಗೆ, ಈಗ ಮತ್ತೆ ಇಳಿದಿದ್ದೇನೆ. ಅದರ ಬಗ್ಗೆಯೇ ಬರೆಯಿರಿ ಅಂದರು. ಕಾರು 1969ರ ಪ್ಲಿಮತ್ ರೋಡ್ ರನ್ನರ್, 383 ಕ್ಯೂಬಿಕ್ ಇಂಚಿನ ಎಂಜಿನ್ನು, ನಾಲ್ಕು ಗೇರು. ಓದುವವರಲ್ಲಿ ಹೆಚ್ಚಿನವರು ಊರಿನಿಂದ ಬಂದ ಅಪ್ಪ ಅಮ್ಮಂದಿರು, ರೇಸಿನ ಗಂಧ ಇಲ್ಲದವರು. ಸಾಲಿಗೆ ನಾಲ್ಕು ಇಂಗ್ಲಿಷ್ ಪದ ತುರುಕಿದರೆ ಅವರು ಪುಟ ತಿರುವಿ ಅಡುಗೆ ಅಂಕಣಕ್ಕೆ ಹೋಗುತ್ತಾರೆ. ಅದಕ್ಕೇ ಈ ಪ್ರಶ್ನೆಗಳು.

ಮೊದಲು ‘ನಾಸ್ಟಾಲ್ಜಿಯ’. ಗತಕಾಲದ ಹಂಬಲ, ಗತಸ್ಮೃತಿ, ಹಳಹಳಿಕೆ, ಹೀಗೆ ನಮ್ಮಲ್ಲಿ ಬಳಕೆಯಲ್ಲಿರುವ ಪದಗಳೆಲ್ಲ ಒಂದು ಭಾವನೆಯ ಹೆಸರುಗಳು. ಹಳಹಳಿಸುವವನ ದನಿಯಲ್ಲಂತೂ ಕಳೆದುಕೊಂಡದ್ದರ ಕೊರಗೂ ಸೇರಿರುತ್ತದೆ. ರೇಸಿನವರ ಬಾಯಲ್ಲಿ ಈ ಪದಕ್ಕೆ ಕೊರಗೂ ಇಲ್ಲ, ಹಂಬಲವೂ ಇಲ್ಲ. ಅದು ನಿಯಮಪುಸ್ತಕದ ಒಂದು ವರ್ಗ. ‘ನಾಸ್ಟಾಲ್ಜಿಯ ಟಾಪ್ ಫ್ಯೂಯಲ್’ ಅಂದರೆ ‘ಟಾಪ್ ಫ್ಯೂಯಲ್’ ಎಂಬ ಅತಿ ವೇಗದ ವರ್ಗದಲ್ಲಿ ಎಂಜಿನ್ ಚಾಲಕನ ಮುಂದೆ ಇರಬೇಕಾದ ಕಾರು, ಅಷ್ಟೇ. ಮೊದಲು ಹೆಚ್ಚುಕಡಿಮೆ ಎಲ್ಲ ಡ್ರ್ಯಾಗ್‌ಸ್ಟರ್‌ಗಳೂ (ಈ ಓಟಕ್ಕೆಂದೇ ಕಟ್ಟಿದ ಕಾರುಗಳು) ಹಾಗೇ ಇದ್ದವು: ಉದ್ದನೆಯ ಚೌಕಟ್ಟು, ನಡುವೆ ಎಂಜಿನ್ನು, ಅದರ ಹಿಂದೆ ಗೇರ್‌ಬಾಕ್ಸನ್ನು ಕಾಲ ನಡುವೆ ಇಟ್ಟುಕೊಂಡು ಕೂತ ಚಾಲಕ. 1970ರ ಮಾರ್ಚ್‌ನಲ್ಲಿ ಕ್ಯಾಲಿಫೋರ್ನಿಯದ ಲಯನ್ಸ್ ಡ್ರ್ಯಾಗ್ ಸ್ಟ್ರಿಪ್‌ನಲ್ಲಿ ಡಾನ್ ಗಾರ್ಲಿಟ್ಸ್ ಎಂಬ ಹೆಸರಾಂತ ಚಾಲಕರ ಕಾರಿನ ಗೇರ್‌ಬಾಕ್ಸ್ ಸಿಡಿದು ಅವರ ಬಲ ಪಾದದ ಒಂದು ಭಾಗವೇ ಹೋಯಿತು. ಮರುವರ್ಷ ಅವರು ಎಂಜಿನ್ನನ್ನು ಬೆನ್ನ ಹಿಂದೆ ಹಾಕಿಕೊಂಡು ಬಂದು ಗೆಲ್ಲತೊಡಗಿದರು. ಕೆಲವೇ ವರ್ಷಗಳಲ್ಲಿ ಉಳಿದವರೂ ಅದೇ ದಾರಿ ಹಿಡಿದರು. ಅಂದಿನ ಹಳೇ ವಿನ್ಯಾಸವನ್ನೇ ಹಟ ಹಿಡಿದು ಇಂದೂ ಓಡಿಸುವುದಕ್ಕೆ ‘ನಾಸ್ಟಾಲ್ಜಿಯ’ ಎಂದು ಹೆಸರು. ಬೇಕರ್ಸ್‌ಫೀಲ್ಡ್ ಹತ್ತಿರದ ಫಮೋಸೊದಲ್ಲಿ 1959ರಲ್ಲಿ ಶುರುವಾದ ‘ಮಾರ್ಚ್ ಮೀಟ್’ ಈಗ ಇಂಥ ಕಾರುಗಳ ದೊಡ್ಡ ಜಾತ್ರೆ.

ಇನ್ನೊಂದು ಸೋಜಿಗ. ‘ಫನಿ ಕಾರು’ ಎಂಬ ಇನ್ನೊಂದು ಅತಿ ವೇಗದ ವರ್ಗದ ಚಾಲಕ ಸ್ಕಾಟ್ ಕಲಿಟಾ 2008ರಲ್ಲಿ ಅಪಘಾತದಲ್ಲಿ ತೀರಿಕೊಂಡ ಮೇಲೆ ಇಂದಿನ ಟಾಪ್ ಫ್ಯೂಯಲ್, ಫನಿ ಕಾರುಗಳ ಓಟವನ್ನು 1000 ಅಡಿಗೆ ಇಳಿಸಿದರು. ಹಳೇ ಮಾದರಿಯವರು ಈಗಲೂ ಪೂರ್ತಿ ಕಾಲು ಮೈಲಿ, ಅಂದರೆ 1320 ಅಡಿ ಓಡುತ್ತಾರೆ. ಇದನ್ನು ಹಂಬಲ ಅಂತ ಕರೆದರೆ ಓದುಗರಿಗೆ ತಪ್ಪು ಚಿತ್ರ ಹೋಗುತ್ತದೆ. ನನಗೆ ತೋಚಿದ್ದು ‘ಹಳೇ ಕಟ್ಟಿನ ಡ್ರ್ಯಾಗ್ ರೇಸ್’. ಕಟ್ಟು ಅಂದರೆ ಕಟ್ಟಿದ ರೀತಿಯೂ ಹೌದು, ಕಟ್ಟುಪಾಡೂ ಹೌದು. ಎರಡೂ ಇಲ್ಲಿ ಬೇಕು. ‘ಪಾರಂಪರಿಕ’ ಅಂತ ಒಬ್ಬರು ಸೂಚಿಸಿದರು. ಅದಕ್ಕೆ ಹಳೇ ಕಟ್ಟಡ, ವಸ್ತುಸಂಗ್ರಹಾಲಯದ ಗಾಜಿನ ಪೆಟ್ಟಿಗೆ ಕಣ್ಣಿಗೆ ಬರುತ್ತದೆ. ಈ ಕಾರುಗಳು ಹೊಗೆ ಕಾರುತ್ತವೆ, ಎಣ್ಣೆ ಸೋರುತ್ತವೆ.

‘ಡ್ರ್ಯಾಗ್’ ವಿಷಯದಲ್ಲಿ ನನ್ನ ಮತ ಗಟ್ಟಿ: ಮುಟ್ಟುವುದು ಬೇಡ. ‘ಎಳೆತದ ಓಟ’ ಅಂದರೆ ರಾಯಚೂರಿನ ಕಡೆಯವರು ಕಾರಹುಣ್ಣಿಮೆ ಹೊತ್ತಿನಲ್ಲಿ ಎತ್ತುಗಳು ಭಾರದ ಕಲ್ಲು ಎಳೆಯುವ ಸ್ಪರ್ಧೆ ಅಂದುಕೊಳ್ಳುತ್ತಾರೆ, ಮತ್ತು ಅವರು ಅಂದುಕೊಂಡದ್ದೇ ಸರಿ. ಇಂಗ್ಲಿಷಿನಲ್ಲೇ ಈ ಪದ ಎಲ್ಲಿಂದ ಬಂತು ಅನ್ನುವುದಕ್ಕೆ ಒಮ್ಮತವಿಲ್ಲ. ಊರಿನ ಮುಖ್ಯ ಬೀದಿಯನ್ನು ‘ಮೇನ್ ಡ್ರ್ಯಾಗ್’ ಅನ್ನುತ್ತಿದ್ದರು, ಅಲ್ಲಿ ಪೈಪೋಟಿ ನಡೆಯುತ್ತಿತ್ತು, ಅದರಿಂದ ಬಂತು ಎಂದು ಕೆಲವರು. ಗೇರನ್ನು ಎಳೆದು ಹಿಡಿಯುವುದರಿಂದ ಎಂದು ಇನ್ನು ಕೆಲವರು. ಕನ್ನಡದಲ್ಲಿರುವ ತೊಡಕು ಬೇರೆ. ನಮ್ಮ ಪತ್ರಿಕೆಗಳಲ್ಲಿ ‘ಡ್ರ್ಯಾಗ್ ರೇಸ್’ ಬರುವುದು ಹೆಚ್ಚಾಗಿ ಅಪರಾಧ ಸುದ್ದಿಯ ಪುಟದಲ್ಲಿ, ರಾತ್ರಿ ಹೆದ್ದಾರಿಯಲ್ಲಿ ಬೈಕ್ ಓಡಿಸಿ ಸಿಕ್ಕಿಬಿದ್ದ ಹುಡುಗರ ಜೊತೆ. ನಾನು ರೇಸಿಗೆ ಹೋಗುತ್ತೇನೆ ಅಂದರೆ ಸೋದರತ್ತೆ ಈಗಲೂ ‘ಪೊಲೀಸರು ಹಿಡಿಯಲ್ವೇನೋ?’ ಅಂತಾರೆ. ರಸ್ತೆಯ ಮೇಲಿನ ಈ ಹುಚ್ಚನ್ನು ಬೇಲಿಯೊಳಗೆ ತರಬೇಕು ಅಂತಲೇ ವಾಲಿ ಪಾರ್ಕ್ಸ್ 1951ರಲ್ಲಿ ಎನ್‌ಎಚ್‌ಆರ್‌ಎ ಎಂಬ ಡ್ರ್ಯಾಗ್ ರೇಸಿನ ಸಂಘ ಕಟ್ಟಿದ್ದು ಎಂದು ಬರಹದಲ್ಲೇ ಒಂದು ಸಾಲು ಸೇರಿಸುತ್ತೇನೆ. ಪದ ಬದಲಿಸುವುದಕ್ಕಿಂತ ಅದು ವಾಸಿ.

‘ಮಸಲ್ ಕಾರ್’ಗೆ ಪೈಲ್ವಾನ್ ಕಾರು, ಜಟ್ಟಿ ಕಾರು, ಕಟ್ಟುಮಸ್ತು ಕಾರು ಎಂದೆಲ್ಲ ಬರುತ್ತದೆ ಅಂತ ಗೊತ್ತು. ಕಿವಿಗೆ ಚೆನ್ನಾಗಿದೆ, ಅರ್ಥಕ್ಕೆ ಹೊಂದುವುದಿಲ್ಲ. ಮಸಲ್ ಕಾರಿನ ಮೈ ಸಾಧಾರಣದ್ದೇ. 1964ರ ಪಾಂಟಿಯಾಕ್ ಜಿಟಿಒ ನೋಡಿ. ಮಧ್ಯಮ ಗಾತ್ರದ ಕಾರಿಗೆ 330 ಕ್ಯೂಬಿಕ್ ಇಂಚಿಗಿಂತ ದೊಡ್ಡ ಎಂಜಿನ್ ಹಾಕಬಾರದು ಎಂದು ಜನರಲ್ ಮೋಟಾರ್ಸ್‌ನ ಒಳಗಿನ ಕಟ್ಟಳೆಯಿತ್ತು. ಪಾಂಟಿಯಾಕ್‌ನವರು ಜಿಟಿಒ ಎಂಬುದನ್ನು ಟೆಂಪೆಸ್ಟ್ ಕಾರಿಗೆ ಬೇಕಿದ್ದವರು ಕೊಳ್ಳಬಹುದಾದ ಹೆಚ್ಚುವರಿ ಸಾಮಾನು ಎಂದು ಪಟ್ಟಿಯಲ್ಲಿ ಸೇರಿಸಿ, 389 ಇಂಚಿನ ಎಂಜಿನ್ನನ್ನು ಒಳಗೆ ಕೂರಿಸಿಬಿಟ್ಟರು. ಹೊರಗೆ ಸಂಸಾರಸ್ಥರ ಕಾರು, ಒಳಗೆ ಈ ಎಂಜಿನ್ನು. ಪೈಲ್ವಾನನ ಮೈ ನೋಡಿದರೇ ತಿಳಿಯುತ್ತದಲ್ಲ, ಇಲ್ಲಿ ಬಾನೆಟ್ ಎತ್ತದೆ ತಿಳಿಯುವುದಿಲ್ಲ. ಹಾಗಾಗಿ ಮಸಲ್ ಕಾರು ಅಂತಲೇ ಬಿಡೋಣ.

ಟ್ರ್ಯಾಕಿನ ಮೇಲಿನ ಮಾತುಗಳಲ್ಲಿ ಕೆಲವು ಸುಲಭ. ಓಟಕ್ಕೆ ಮೊದಲು ನೀರು ಚೆಲ್ಲಿದ ಜಾಗದಲ್ಲಿ ಹಿಂದಿನ ಚಕ್ರಗಳನ್ನು ನಿಂತಲ್ಲೇ ಗಿರ್ರನೆ ತಿರುಗಿಸಿ ಹೊಗೆ ಎಬ್ಬಿಸುತ್ತಾರಲ್ಲ, ಆ ‘ಬರ್ನೌಟ್’ ಷೋಕಿಗಲ್ಲ. ರಬ್ಬರ್ ಬಿಸಿಯಾಗಿ ಅಂಟು ಬಿಡಲಿ, ಮೇಲಿನ ಕಸ ಉದುರಲಿ ಅಂತ. ತಮಟೆಯವರು ಬಾರಿಸುವ ಮೊದಲು ಬೆಂಕಿಗೆ ಹಿಡಿದು ಕಾಯಿಸುವ ಹಾಗೆ. ಆದ್ದರಿಂದ ‘ಟೈರು ಕಾಯಿಸುವುದು’. ಇದಕ್ಕೆ ಯಾರ ತಕರಾರೂ ಇರಲಾರದು. ‘ಟೆಕ್ ಇನ್‌ಸ್ಪೆಕ್ಷನ್’ಗೆ ತಪಾಸಣೆ ಸಾಕು. (ಬಿಟ್ಟು ಮತ್ತೆ ಬಂದವರಿಗೆ ಮೊದಲ ಪೆಟ್ಟು ಬೀಳುವುದು ಇಲ್ಲೇ. ಕಾರು ಹಳೆಯದಿದ್ದರೆ ಮೆಚ್ಚುತ್ತಾರೆ. ಹೆಲ್ಮೆಟ್ ಹಳೆಯದಿದ್ದರೆ, ಒಳಗಿನ ಸ್ನೆಲ್ ಚೀಟಿಯ (ಸುರಕ್ಷತೆಯ ಪರೀಕ್ಷೆ ಪಾಸಾದ ಗುರುತಿನ) ವರ್ಷ ನೋಡಿ ಪಕ್ಕಕ್ಕಿಡುತ್ತಾರೆ. 13.99 ಸೆಕೆಂಡು ಅಥವಾ ಅದಕ್ಕಿಂತ ಬೇಗ ಓಡುವ ಕಾರಿಗೆ ಹೆಲ್ಮೆಟ್ ಕಡ್ಡಾಯ. ನನ್ನದು ಅಷ್ಟು ಓಡುವುದಿಲ್ಲ, ಆದರೂ ಹೊಸದೊಂದು ಕೊಂಡೆ.)

ಕಷ್ಟವಿರುವುದು ‘ಡಯಲ್ ಇನ್’ ಮತ್ತು ‘ಬ್ರೇಕೌಟ್’ನಲ್ಲಿ. ಬ್ರ್ಯಾಕೆಟ್ ರೇಸಿನಲ್ಲಿ ನಮ್ಮ ಕಾರು ಎಷ್ಟು ಸೆಕೆಂಡಿಗೆ ಓಡುತ್ತದೆ ಅಂತ ನಾವೇ ಅಂದಾಜು ಮಾಡಿ ಗಾಜಿನ ಮೇಲೆ ಬರೆಯಬೇಕು, ಬಿಳಿ ಷೂ ಪಾಲಿಷ್‌ನಲ್ಲಿ. ನಾನು 14.60 ಬರೆದೆ, ಪಕ್ಕದವನು 12.40 ಬರೆದ ಅನ್ನಿ. ನನಗೆ ಹಸಿರು ದೀಪ 2.20 ಸೆಕೆಂಡು ಮೊದಲೇ ಹತ್ತುತ್ತದೆ. ಹೀಗೆ ಅಜ್ಜನ ಕಾಲದ ಕಾರೂ ಹೊಸ ಕಾರೂ ಸರಿಸಮ ಓಡಬಹುದು. ಆದರೆ ನಾನು 14.58ರಲ್ಲಿ ಮುಗಿಸಿದೆನೋ, ಪಕ್ಕದವನು ತಾನು ಬರೆದದ್ದಕ್ಕೆ ಬದ್ಧನಾಗಿದ್ದರೆ, ಮೊದಲು ಮುಟ್ಟಿಯೂ ನಾನು ಸೋತೆ. ಬರೆದದ್ದಕ್ಕಿಂತ ಬೇಗ ಓಡಿದ್ದೇ ತಪ್ಪು. ‘ಡಯಲ್ ಇನ್’ಗೆ ‘ಕೊಟ್ಟ ಮಾತು’, ‘ಬ್ರೇಕೌಟ್’ಗೆ ‘ಮಾತು ಮೀರುವುದು’ ಎಂದು ಬಳಸಿದರೆ ಹೇಗೆ? ‘14.60 ಮಾತು ಕೊಟ್ಟಿದ್ದ, ಸೆಕೆಂಡಿನ ನೂರರಲ್ಲಿ ಎರಡು ಪಾಲು ಮಾತು ಮೀರಿ ಸೋತ.’ ವರದಿಯಲ್ಲಿ ಓದಲು ನನಗೇನೋ ಹಿಡಿಸಿತು. ‘ಘೋಷಿತ ಸಮಯ’ ಅಂತ ಬರೆದರೆ ಇಡೀ ಓಟ ಸರಕಾರಿ ಸುತ್ತೋಲೆ ಆಗಿಬಿಡುತ್ತದೆ.

ಈಗ ಮುಖ್ಯ ಪ್ರಶ್ನೆ, ಇದು ಕರಾವಳಿಯವರಿಗೆ. ಎರಡು ನೇರ ದಾರಿ ಪಕ್ಕಪಕ್ಕದಲ್ಲಿ, ಒಂದು ಬಾರಿಗೆ ಇಬ್ಬರೇ, ಗೆದ್ದವರು ಮುಂದಿನ ಸುತ್ತಿಗೆ, ಸೋತವರು ಮನೆಗೆ, ಕೊನೆಯಲ್ಲಿ ಬೆಳಕಿನ ಕಿರಣ ಕಡಿದಾಗ ತೀರ್ಪು. ಜೋಡುಕರೆ ಕಂಬಳವನ್ನು ಕಂಡವರಿಗೆ ಡ್ರ್ಯಾಗ್ ರೇಸನ್ನು ಬಿಡಿಸಿ ಹೇಳುವುದೇ ಬೇಕಿಲ್ಲ. 2020ರಲ್ಲಿ ಐಕಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರ್ ಕರೆಯನ್ನು 13.62 ಸೆಕೆಂಡಿನಲ್ಲಿ ಓಡಿದ್ದು ಇಲ್ಲಿನ ಪತ್ರಿಕೆಗಳಲ್ಲೂ ಬಂತು. ನನ್ನ ಜೊತೆ ರೇಸಿಗಿಳಿಯುವವರು ಆ ವಿಡಿಯೊ ನೋಡಿ ಕೇಳಿದ್ದು ‘ರಿಯಾಕ್ಷನ್ ಟೈಮ್ (ಬಿಟ್ಟ ಮೇಲೆ ಕದಲಲು ಹಿಡಿದ ಹೊತ್ತು) ಎಷ್ಟು?’ ಅಂತ. ಅಲ್ಲಿನ ಮಾತುಗಳು ಕನ್ನಡ ಪತ್ರಿಕೆಗಳಲ್ಲಿ ಆಗಲೇ ಸಲೀಸಾಗಿ ಓಡಾಡುತ್ತಿವೆ: ದಾರಿಗೆ ಕರೆ, ಬಿಡುವ ಜಾಗಕ್ಕೆ ಗಂತು, ಮುಟ್ಟುವ ಜಾಗಕ್ಕೆ ಮಂಜೊಟ್ಟಿ. ‘ಎಡಗರೆಯ ಕಾರು ಮೊದಲು ಮಂಜೊಟ್ಟಿ ಮುಟ್ಟಿತು’ ಅಂತ ಬರೆದರೆ ಕರಾವಳಿಯವರಿಗೆ ಅದು ಅಸಂಗತ ಅನ್ನಿಸುತ್ತದೆಯೋ, ಹಿಡಿಸುತ್ತದೆಯೋ? ಈ ಪದಗಳಿಗೆ ನೇಮ, ನಂಬಿಕೆಯ ನಂಟು ಇರುವುದರಿಂದ ಕಾರಿನ ರೇಸಿಗೆ ಎಳೆದು ತರುವುದು ಕೆಲವರಿಗೆ ಸರಿಬಾರದೆ ಹೋಗಬಹುದು. ಮಂಜೊಟ್ಟಿಯಲ್ಲಿ ಕೋಣಗಳು ಏರುವ ದಿಬ್ಬವಿದೆ, ಇಲ್ಲಿ ಅಂಥದ್ದೇನೂ ಇಲ್ಲ. ಕಾರು ನಿಲ್ಲಲು ಉದ್ದಕ್ಕೆ ಖಾಲಿ ರಸ್ತೆಯಿದೆ.

ನನಗೆ ತೀರಾ ಬೇಕಿರುವುದು ‘ಗಂತು’ ಒಂದೇ, ಅದೂ ‘ಹೋಲ್‌ಶಾಟ್’ ಸಲುವಾಗಿ. ನಮ್ಮಲ್ಲಿ ಹಸಿರು ದೀಪ ಹತ್ತಿದಾಗ ಗಡಿಯಾರ ಓಡುವುದಿಲ್ಲ, ಕಾರು ಕದಲಿದಾಗ ಓಡುತ್ತದೆ. ಆದ್ದರಿಂದ 14.70ರಲ್ಲಿ ಓಡಿದವನು 14.60ರಲ್ಲಿ ಓಡಿದವನನ್ನು ಸೋಲಿಸಬಹುದು, ಇಬ್ಬರಿಗೂ ಒಟ್ಟಿಗೇ ದೀಪ ಹತ್ತಿದ ಮೇಲೆ ಅವನಿಗಿಂತ 0.10 ಸೆಕೆಂಡಿಗೂ ಹೆಚ್ಚು ಬೇಗ ಕದಲಿದ್ದರೆ ಸಾಕು. ಇದನ್ನು ‘ಗಂತಲ್ಲೇ ಗೆದ್ದ’ ಎನ್ನಲು ಮನಸ್ಸಾಗಿದೆ. ಮೂಡಬಿದಿರೆ, ಕಾರ್ಕಳದ ಕಡೆ ಕೋಣ ಬಿಡುವಾಗಿನ ಚುರುಕುತನವನ್ನೇ ಹೊಗಳುವ ಮಾತು ಬೇರೆ ಯಾವುದಾದರೂ ಬಳಕೆಯಲ್ಲಿದ್ದರೆ ತಿಳಿಸಿ. ಬರಹ ಕೊಡಲು ಇನ್ನೂ ಸಮಯವಿದೆ.