ಆರೋಗ್ಯವಂತ ಕರುಳಿನಲ್ಲಿ ಮ್ಯುಟೇಶನ್ ಎಣಿಸುವುದು ಹೇಗೆ?

ಪ್ರಶ್ನೆ: 60 ವರ್ಷದವರ ಆರೋಗ್ಯವಂತ ದೊಡ್ಡ ಕರುಳಿನ ತುಣುಕನ್ನು 30 ಪಟ್ಟು ಆಳದಲ್ಲಿ (ಪ್ರತಿ ಜಾಗವನ್ನು ಸರಾಸರಿ 30 ಸಲ ಓದುವಂತೆ) ಸೀಕ್ವೆನ್ಸ್ ಮಾಡಿದರೂ ಸೊಮ್ಯಾಟಿಕ್ ಮ್ಯುಟೇಶನ್ (ಹುಟ್ಟಿನಿಂದ ಬರದೆ, ಬದುಕಿನುದ್ದಕ್ಕೂ ದೇಹದ ಕೋಶಗಳ ಡಿಎನ್‌ಎಯಲ್ಲಿ ಆಗುವ ಬದಲಾವಣೆ) ಕಾಣುತ್ತಿಲ್ಲ. ತಪ್ಪಿರುವುದೆಲ್ಲಿ?

ಉತ್ತರ 1: ಇಡೀ ತುಣುಕನ್ನು ಅರೆದದ್ದರಲ್ಲಿ. ಕರುಳಿನ ಒಳಪದರದ ಸಣ್ಣ ಕುಳಿಗಳೇ ಕ್ರಿಪ್ಟ್. ಸಾವಿರಾರು ಕ್ರಿಪ್ಟ್‌ಗಳ ಡಿಎನ್‌ಎ ಬೆರೆತರೆ ಒಂದೊಂದರ ಮ್ಯುಟೇಶನ್ ಸೀಕ್ವೆನ್ಸರ್‌ನ ದೋಷದಲ್ಲೇ ಮುಳುಗಿಹೋಗುತ್ತದೆ. ಲೇಸರ್‌ನಿಂದ ಒಂದೇ ಕ್ರಿಪ್ಟ್ ಕತ್ತರಿಸಿ ತೆಗೆಯಿರಿ. ಅದರ ಎಪಿಥೀಲಿಯಲ್ (ಒಳಹೊದಿಕೆಯ) ಕೋಶಗಳೆಲ್ಲ ಒಂದೇ ಕಾಂಡಕೋಶದ ಸಂತತಿ, ಹಾಗಾಗಿ ಮ್ಯುಟೇಶನ್ (ಜೋಡಿ ವರ್ಣತಂತುಗಳಲ್ಲಿ ಒಂದರಲ್ಲಷ್ಟೇ ಇರುವುದರಿಂದ) ಹೆಚ್ಚುಕಡಿಮೆ ಅರ್ಧದಷ್ಟು ರೀಡ್‌ಗಳಲ್ಲಿ, ಅಂದರೆ ಸೀಕ್ವೆನ್ಸರ್ ಓದಿದ ಡಿಎನ್‌ಎ ತುಣುಕುಗಳಲ್ಲಿ, ಎದ್ದು ಕಾಣುತ್ತದೆ. ವರ್ಷಕ್ಕೆ ಸುಮಾರು 40ರಂತೆ, 2,400ರ ಆಸುಪಾಸು ಸಿಗಬೇಕು.

ಉತ್ತರ 2: ಹುಟ್ಟಿನಿಂದ ಬಂದ ವ್ಯತ್ಯಾಸಗಳನ್ನು ಕಳೆಯಲು ಅದೇ ವ್ಯಕ್ತಿಯ ಬೇರೆ ಅಂಗಾಂಶವೂ ಬೇಕು, ಮರೆಯಬೇಡಿ.

ಪ್ರಶ್ನೆ ಕೇಳಿದವರು: ನರಕೋಶಕ್ಕೆ ಕ್ಲೋನ್ (ಹೀಗೆ ಒಂದೇ ಕೋಶದಿಂದ ಹುಟ್ಟಿದ ಗುಂಪು) ಇರುವುದಿಲ್ಲವಲ್ಲ?

ಉತ್ತರ 1: ಅಲ್ಲಿ ಡ್ಯೂಪ್ಲೆಕ್ಸ್ ಸೀಕ್ವೆನ್ಸಿಂಗ್. ಡಿಎನ್‌ಎಯ ಎರಡೂ ಎಳೆಗಳಲ್ಲಿ ಕಂಡ ಬದಲಾವಣೆಯನ್ನಷ್ಟೇ ಎಣಿಸಿ. ಒಂದೇ ಎಳೆಯದ್ದು ಬಹುತೇಕ ಪಿಸಿಆರ್ (ಡಿಎನ್‌ಎ ನಕಲು ಮಾಡುವ ವಿಧಾನ) ದೋಷ ಅಥವಾ ಡಿಎನ್‌ಎ ಹಾನಿ. ಸೋಜಿಗವೆಂದರೆ, ವಿಭಜನೆಯಾಗದ ನರಕೋಶದಲ್ಲೂ ವರ್ಷಕ್ಕೆ ಸುಮಾರು 17 ಸೇರುತ್ತವೆ.